ನಾಚಿಕೆಯಿಂದ ಬಿಟ್ಟದ್ದು, ಅರಿವಿನಿಂದ ಬಿಟ್ಟದ್ದು

(ಕಾಲೇಜಿನ ವಾರ್ಷಿಕ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಇಡುವವರು ತಮ್ಮ ಕಾಲಾನಂತರವೂ ಒಂದು ಒಳ್ಳೆಯ ಮಾತು ಎಳೆಯರ ಕಿವಿಗೆ ಬೀಳುತ್ತಿರಲಿ ಎಂದು ಆಸೆಪಡುತ್ತಾರೆ. ಆ ಆಸೆಗೆ ತಕ್ಕ ವಿಷಯ ಯಾವುದು ಎಂದು ತಿಂಗಳಿಂದ ಯೋಚಿಸಿದೆ. ಕೊನೆಗೆ ನನ್ನನ್ನೇ ಬಹಳ ವರ್ಷಗಳಿಂದ ಕಾಡುತ್ತಿರುವ ವಿಷಯವನ್ನು ಆರಿಸಿಕೊಂಡೆ. ಗೆಳೆಯರ ನಡುವೆ ಇದ್ದುಕೊಂಡು ನಮ್ಮ ನಂಬಿಕೆಯನ್ನು ಉಳಿಸಿಕೊಳ್ಳುವುದು ಹೇಗೆ?

ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿ ಬೆಳೆದ ಮಾತೊಂದಿದೆ: ‘ನಾಲ್ಕು ಜನ ನೋಡಿದರೆ ಏನಂದಾರು?’ ಈ ನಾಲ್ಕು ಜನ ಯಾರೆಂದು ಯಾರೂ ಹೆಸರಿಟ್ಟು ಹೇಳುವುದಿಲ್ಲ. ಆದರೂ ಉಡುವ ಬಟ್ಟೆ, ಆಡುವ ಮಾತು, ಹಣೆಯ ಮೇಲಿನ ಗುರುತು ಎಲ್ಲವನ್ನೂ ಅವರೇ ತೀರ್ಮಾನಿಸುತ್ತಾರೆ. ಹಾಗೆಂದು ಅವರನ್ನು ದೂರ ಮಾಡಿ ಬದುಕಲೂ ಆಗದು. ಮದುವೆಗೆ ನಾಲ್ಕು ಜನ ಬರಬೇಕು, ಸತ್ತರೆ ಹೆಗಲು ಕೊಡಲು ನಾಲ್ಕು ಜನ ಬೇಕು. ಅವರು ವೈರಿಗಳಾಗಿದ್ದರೆ ಎದುರಿಸುವುದು ಸುಲಭವಿತ್ತು. ಅವರು ನಮ್ಮವರೇ ಆಗಿರುವುದರಿಂದ ಕಷ್ಟ.

ನಾನೂ ಒಮ್ಮೆ ಆ ನಾಲ್ವರಲ್ಲಿ ಒಬ್ಬನಾಗಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಪಿಯುಸಿ ಓದಲು ಹಳ್ಳಿಯಿಂದ ಬಂದಾಗ ಹಾಸ್ಟೆಲಿನ ಒಂದು ಕೋಣೆಯಲ್ಲಿ ನಾವು ಐದು ಹುಡುಗರಿದ್ದೆವು. ಐದನೆಯವನು ಬೆಳಗಿನ ಜಾವ ಎದ್ದು, ತಣ್ಣೀರು ಮಿಂದು, ಕಿಟಕಿಯ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದ. ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟುಕೊಂಡು, ಅದನ್ನೇ ನೋಡುತ್ತಾ ಹತ್ತು ನಿಮಿಷ ಅಲುಗಾಡದೆ ಇರುತ್ತಿದ್ದ. ವಿಭೂತಿಯ ವಾಸನೆ ಕೋಣೆಯಲ್ಲಿ ಹರಡುತ್ತಿತ್ತು. ಮೊದಲ ವಾರ ನಾವು ನಾಲ್ವರೂ ಸುಮ್ಮನಿದ್ದೆವು. ಎರಡನೆಯ ವಾರ ಒಬ್ಬ ಹೊದಿಕೆಯೊಳಗಿಂದಲೇ ‘ಸ್ವಾಮಿಗಳೇ, ನಮಗೂ ಒಂದಿಷ್ಟು ಪ್ರಸಾದ’ ಎಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅಲ್ಲಿಂದ ಅವನ ಹೆಸರೇ ‘ಸ್ವಾಮಿ’ ಆಯಿತು. ಊಟದ ಸಾಲಿನಲ್ಲಿ, ಆಟದ ಮೈದಾನದಲ್ಲಿ, ಕಡೆಗೆ ತರಗತಿಯಲ್ಲೂ ಅದೇ ಹೆಸರು. ಮೊದಲು ಅವನು ನಾವು ಏಳುವ ಮುಂಚೆ ಪೂಜೆ ಮುಗಿಸತೊಡಗಿದ. ಆಮೇಲೆ ಗೋಡೆಗೆ ಮುಖ ಮಾಡಿ ಅವಸರದಲ್ಲಿ ಮಾಡಿದ. ದಸರಾ ರಜೆ ಮುಗಿಸಿ ಬಂದ ಮೇಲೆ ಚಾಪೆ ಬಿಚ್ಚಲೇ ಇಲ್ಲ. ಒಂದು ದಿನ ಅವನು ಟ್ರಂಕು ತೆರೆದಾಗ, ಅಂಗಿಗಳ ಅಡಿಯಲ್ಲಿ ಶಿವದಾರ ಸುತ್ತಿದ ಕರಡಿಗೆ ಕಂಡಿತು. ನಾನು ಕಂಡದ್ದು ಅವನಿಗೆ ಗೊತ್ತಾಯಿತು. ಇಬ್ಬರೂ ಮಾತಾಡಲಿಲ್ಲ.

ಅವನಿಗೆ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಸುಮ್ಮನೆ ನಕ್ಕೆವು, ಅಷ್ಟೇ. ಅವನು ಓದಿ, ಯೋಚಿಸಿ, ‘ಇದು ನನಗೆ ಬೇಡ’ ಎಂದು ನಿರ್ಧರಿಸಿ ಬಿಟ್ಟಿದ್ದರೆ ನನಗೆ ಯಾವ ನೋವೂ ಇರುತ್ತಿರಲಿಲ್ಲ. ಅವನು ನಮಗೆ ನಾಚಿ ಬಿಟ್ಟ. ನಾಚಿಕೆಯಿಂದ ಬಿಡುವುದಕ್ಕೂ ಅರಿವಿನಿಂದ ಬಿಡುವುದಕ್ಕೂ ಇರುವ ಅಂತರವನ್ನು ತಿಳಿಯಲು ನಾನು ಹಲವರ ಬದುಕನ್ನು ಓದಿದೆ. ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ದಾರಿ ತೋರಿಸಿದವನು ಒಬ್ಬ ನಾಚಿಕೆ ಸ್ವಭಾವದ ಗುಜರಾತಿ ಹುಡುಗ. ಮುಂದೆ ಅವನನ್ನು ಜಗತ್ತು ಮಹಾತ್ಮ ಎಂದು ಕರೆಯಿತು. ಈ ಹೊತ್ತು ಆ ಬಿರುದನ್ನು ಪಕ್ಕಕ್ಕಿಟ್ಟು, ನಿಮ್ಮ ವಯಸ್ಸಿನ ಮೋಹನದಾಸನನ್ನು ನೋಡೋಣ.

ಹೊಳೆದಂಡೆಯ ಊಟ

‘ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆ ನಮ್ಮಲ್ಲಿದೆ. ರಾಜಕೋಟೆಯ ಹೈಸ್ಕೂಲಿನಲ್ಲಿ ಓದುತ್ತಿದ್ದ ಮೋಹನದಾಸನಿಗೆ ಅಂಥದೊಂದು ಸಹವಾಸ ಗಂಟುಬಿತ್ತು. ಆತ್ಮಕಥೆಯಲ್ಲಿ ಗಾಂಧೀಜಿ ಆ ಗೆಳೆಯನ ಹೆಸರು ಹೇಳುವುದಿಲ್ಲ. ತಾಯಿ, ಅಣ್ಣ, ಹೆಂಡತಿ ಮೂವರೂ ಎಚ್ಚರಿಸಿದ್ದರು. ಅವನನ್ನು ತಾನು ತಿದ್ದುತ್ತೇನೆ ಎಂದು ಈ ಹುಡುಗ ಭರವಸೆ ಕೊಟ್ಟಿದ್ದ.

ಗೆಳೆಯ ಗಟ್ಟಿಮುಟ್ಟಾದವನು. ದೂರ ಓಡಬಲ್ಲ, ಎತ್ತರ ನೆಗೆಯಬಲ್ಲ, ಹಾವನ್ನು ಕೈಯಲ್ಲಿ ಹಿಡಿಯುತ್ತೇನೆ ಎನ್ನುತ್ತಿದ್ದ. ಮೋಹನದಾಸನಿಗೆ ಕಳ್ಳರ ಭಯ, ದೆವ್ವದ ಭಯ, ಹಾವಿನ ಭಯ. ದೀಪವಿಲ್ಲದೆ ಮಲಗಲಾರ. ಗೆಳೆಯನ ವಾದ ಸರಳವಾಗಿತ್ತು. ಇಂಗ್ಲಿಷರು ಮಾಂಸ ತಿನ್ನುತ್ತಾರೆ, ಆದ್ದರಿಂದ ನಮ್ಮನ್ನು ಆಳುತ್ತಾರೆ. ನಾವೂ ತಿಂದರೆ ಗಟ್ಟಿಯಾಗುತ್ತೇವೆ. ಊರಿನ ಮೇಷ್ಟ್ರುಗಳು, ದೊಡ್ಡ ಮನುಷ್ಯರು ಗುಟ್ಟಾಗಿ ತಿನ್ನುತ್ತಿದ್ದಾರೆ ಎಂಬ ಸೇರ್ಪಡೆ ಬೇರೆ. ಗಮನಿಸಿ, ಇದರಲ್ಲಿ ‘ಕೆಟ್ಟವನಾಗು’ ಎಂಬ ಕರೆ ಎಲ್ಲೂ ಇಲ್ಲ. ಧೈರ್ಯವಂತನಾಗು, ದೇಶ ಬಿಡಿಸು ಎಂಬ ಕರೆಯೇ ಇದೆ. ಗೆಳೆಯರ ಒತ್ತಡ ಬಹುಪಾಲು ಬರುವುದು ಹೀಗೆ, ನಮ್ಮೊಳಗಿನ ಒಂದು ಒಳ್ಳೆಯ ಆಸೆಯ ಕೈ ಹಿಡಿದುಕೊಂಡು.

ವೈಷ್ಣವ ಮನೆತನದ ಆ ಹುಡುಗ ಹೊಳೆದಂಡೆಯ ಒಂದು ನಿರ್ಜನ ಜಾಗದಲ್ಲಿ ಆಡಿನ ಮಾಂಸವನ್ನೂ ಬ್ರೆಡ್ಡನ್ನೂ ತಿಂದ. ಎರಡೂ ಒಗ್ಗಲಿಲ್ಲ. ಮಾಂಸ ಚರ್ಮದಂತೆ ಗಡುಸಾಗಿತ್ತು. ಆ ರಾತ್ರಿ ಹೊಟ್ಟೆಯೊಳಗೆ ಆಡು ಅರಚಿದಂತಾಗಿ ಬೆಚ್ಚಿ ಎದ್ದು ಕೂತ. ಆದರೂ ಒಂದು ವರ್ಷದ ಅವಧಿಯಲ್ಲಿ ಐದಾರು ಸಲ ಇಂಥ ಔತಣ ನಡೆಯಿತು. ರುಚಿ ಹತ್ತಿತು ಕೂಡ.

ನಿಂತದ್ದು ಯಾವುದರಿಂದ? ಪಾಪದ ಭಯದಿಂದಲ್ಲ, ಆಡಿನ ಮೇಲಿನ ಕನಿಕರದಿಂದಲೂ ಅಲ್ಲ. ಔತಣದ ದಿನ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ತಾಯಿ ಪುತಲೀಬಾಯಿ ಕಾರಣ ಕೇಳಿದರೆ ‘ಇವತ್ತು ಹಸಿವಿಲ್ಲ, ಅಜೀರ್ಣ’ ಎಂದು ಸುಳ್ಳು ಹೇಳಬೇಕಿತ್ತು. ಆ ಸುಳ್ಳನ್ನು ಅವನು ತಾಳಲಾರದೆ ಹೋದ. ಅಪ್ಪ ಅಮ್ಮ ಇರುವ ತನಕ ತಿನ್ನುವುದಿಲ್ಲ, ಅವರಿಲ್ಲದ ಮೇಲೆ ಎಲ್ಲರೆದುರು ತಿನ್ನುತ್ತೇನೆ ಎಂದು ತೀರ್ಮಾನಿಸಿದ. ಈ ತೀರ್ಮಾನವನ್ನು ನೆನಪಿನಲ್ಲಿಡಿ. ಇದರಲ್ಲಿ ನಂಬಿಕೆ ಇನ್ನೂ ಅವನದಾಗಿಲ್ಲ. ಅಮ್ಮನದನ್ನು ಅವನು ಕಾಯುತ್ತಿದ್ದಾನೆ.

ಒಂದು ಮಾತು, ಒಂದು ಜುಟ್ಟು

1885ರಲ್ಲಿ ತಂದೆ ತೀರಿಕೊಂಡರು. 1888ರಲ್ಲಿ ಬ್ಯಾರಿಸ್ಟರ್ ಓದಿಗೆ ಇಂಗ್ಲೆಂಡಿಗೆ ಹೋಗುವ ಮಾತು ಬಂದಾಗ ತಾಯಿ ಅಂಜಿದರು. ಜೈನ ಮುನಿ ಬೇಚರ್‌ಜಿ ಸ್ವಾಮಿಯ ಎದುರು ಮಗ ಮೂರು ಪ್ರತಿಜ್ಞೆ ಮಾಡಿದ. ಹೆಂಡ, ಹೆಣ್ಣು, ಮಾಂಸ ಮುಟ್ಟುವುದಿಲ್ಲ. ತಾಯಿ ಒಪ್ಪಿದರು.

ಮುಂಬಯಿಯಲ್ಲಿ ಮೋಢ ಬನಿಯಾ ಜಾತಿಯ ಪಂಚರು ಸೇರಿದರು. ಸಮುದ್ರ ದಾಟಿದರೆ ಧರ್ಮ ಕೆಡುತ್ತದೆ, ಹೋಗಕೂಡದು ಎಂದರು. ಹುಡುಗ ಒಪ್ಪಲಿಲ್ಲ. ಇವನನ್ನು ಜಾತಿಯಿಂದ ಹೊರಹಾಕಿದೆ, ಇವನಿಗೆ ನೆರವಾದವರಿಗೂ ಬೀಳ್ಕೊಡಲು ಬಂದರಿಗೆ ಹೋದವರಿಗೂ 1 ರೂಪಾಯಿ 4 ಆಣೆ ದಂಡ ಎಂದು ಯಜಮಾನ ಸಾರಿದ. ನಾಲ್ಕು ಗೋಡೆಯೊಳಗೆ ನಾಲ್ಕು ಮಾತಾಡಲು ಹೆದರುತ್ತಿದ್ದವನು ಇಡೀ ಜಾತಿಯ ಎದುರು ನಿಂತ. 1888ರ ಸೆಪ್ಟೆಂಬರ್ 4ರಂದು ಹಡಗು ಹತ್ತಿದ.

ಆದರೆ ಹೊರಡುವ ಮುಂಚೆ ಅವನು ಇನ್ನೊಂದು ಕೆಲಸ ಮಾಡಿದ್ದ. ತಲೆಯ ಹಿಂದಿನ ಜುಟ್ಟನ್ನು ತೆಗೆಸಿಬಿಟ್ಟಿದ್ದ. ಬರಿದಲೆಯಲ್ಲಿದ್ದಾಗ ಇಂಗ್ಲಿಷರು ಕಂಡು ನಕ್ಕಾರು, ಅನಾಗರಿಕ ಎಂದಾರು ಎಂಬ ಅಂಜಿಕೆ. ಜಾತಿಯ ಬಹಿಷ್ಕಾರಕ್ಕೆ ಬಗ್ಗದ ಹುಡುಗ, ಇನ್ನೂ ಕಂಡಿರದ ಜನರ ನಗೆಗೆ ಬಗ್ಗಿದ. ಬಹಿಷ್ಕಾರಕ್ಕಿಂತ ನಗೆ ಆಳವಾಗಿ ತಾಗುತ್ತದೆ. ನಮ್ಮ ಹಾಸ್ಟೆಲಿನ ಕೋಣೆಯಲ್ಲಿ ನಡೆದದ್ದೂ ಅದೇ.

ಹಸಿವು ಮತ್ತು ಸೂಪು

ಲಂಡನ್ನಿನಲ್ಲಿ ಹಸಿವು ಶುರುವಾಯಿತು. ಗೆಳೆಯನೊಬ್ಬನ ಮನೆಯಲ್ಲಿದ್ದಾಗ ಬೆಳಗಿನ ಓಟ್ಸ್ ಗಂಜಿಯಿಂದ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನ, ರಾತ್ರಿ ಸೊಪ್ಪು, ಬ್ರೆಡ್ಡು, ಜಾಮು. ಇನ್ನೊಂದು ಚೂರು ಬ್ರೆಡ್ಡು ಕೇಳಲು ಸಂಕೋಚ. ಮಾಂಸ ತಿನ್ನು ಎಂದು ಆ ಗೆಳೆಯ ಹಗಲಿರುಳು ತರ್ಕಿಸಿದ. ಓದು ಬಾರದ ತಾಯಿಗೆ, ಇಲ್ಲಿನ ಹವೆ ಗೊತ್ತಿಲ್ಲದವಳಿಗೆ ಕೊಟ್ಟ ಮಾತಿಗೆ ಏನು ಬೆಲೆ ಎಂದ. ಒಂದು ದಿನ ಬೆಂಥಾಮನ ಉಪಯುಕ್ತತಾವಾದದ ಪುಸ್ತಕವನ್ನೇ ತಂದು ಓದಿ ವಿವರಿಸಿದ. ಮೋಹನದಾಸ ವಾದಕ್ಕೆ ಇಳಿಯಲಿಲ್ಲ. ಈ ದೊಡ್ಡ ವಿಚಾರ ತನಗೆ ಅರ್ಥವಾಗದು, ಮಾಂಸ ಅಗತ್ಯವೆಂದೇ ಒಪ್ಪುತ್ತೇನೆ, ಆದರೆ ಕೊಟ್ಟ ಮಾತು ಮುರಿಯಲಾರೆ, ಕ್ಷಮಿಸು ಎಂದ.

ವಿದ್ಯಾರ್ಥಿಗಳೇ, ಗೆಳೆಯರು ನಿಮಗಿಂತ ಚೆನ್ನಾಗಿ ಮಾತಾಡಬಹುದು. ಅವರ ಪ್ರಶ್ನೆಗೆ ನಿಮ್ಮಲ್ಲಿ ಆ ಕ್ಷಣಕ್ಕೆ ಉತ್ತರ ಇರದೆ ಇರಬಹುದು. ವಾದದಲ್ಲಿ ಸೋತ ಮಾತ್ರಕ್ಕೆ ಅದೇ ಸಂಜೆ ನಂಬಿಕೆಯನ್ನು ಒಪ್ಪಿಸಿಬಿಡಬೇಕಾಗಿಲ್ಲ. ‘ನನಗಿನ್ನೂ ಗೊತ್ತಿಲ್ಲ, ಗೊತ್ತಾಗುವ ತನಕ ಇದನ್ನು ಬಿಡುವುದಿಲ್ಲ’ ಎನ್ನುವುದು ಮರ್ಯಾದೆಯ ಉತ್ತರವೇ.

ಉತ್ತರವನ್ನು ಅವನು ನಡೆದು ಹುಡುಕಿದ. ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆಯುತ್ತಾ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಕಂಡ. ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಮಾರಾಟಕ್ಕಿಟ್ಟ ಪುಸ್ತಕಗಳಿದ್ದವು. ಹೆನ್ರಿ ಸಾಲ್ಟ್ ಸಸ್ಯಾಹಾರದ ಪರವಾಗಿ ಬರೆದ ಪುಸ್ತಕವನ್ನು ಒಂದು ಷಿಲಿಂಗ್ ಕೊಟ್ಟು ಕೊಂಡು ಒಳಗೆ ಹೋದ. ಇಂಗ್ಲೆಂಡಿಗೆ ಬಂದ ಮೇಲೆ ಅಂದೇ ಮೊದಲ ಸಲ ಹೊಟ್ಟೆ ತುಂಬ ಉಂಡ. ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ. ಅಲ್ಲಿಯ ತನಕ ಮಾಂಸ ಬಿಟ್ಟಿದ್ದು ಮಾತಿಗಾಗಿ. ಅಲ್ಲಿಂದ ಮುಂದೆ ತನ್ನ ಆಯ್ಕೆಯಿಂದ.

ಗೆಳೆಯನಿಗೆ ಚಿಂತೆ ಹೆಚ್ಚಿತು. ನಾಟಕಕ್ಕೆ ಕರೆದ. ಅದಕ್ಕೆ ಮುಂಚೆ ಹೋಲ್ಬರ್ನ್ ರೆಸ್ಟೊರೆಂಟಿನಲ್ಲಿ ಊಟ. ಅರಮನೆಯಂಥ ಆ ಜಾಗದಲ್ಲಿ ಮರ್ಯಾದೆಗೆ ಅಂಜಿ ಇವನು ಪ್ರಶ್ನೆ ಕೇಳಲಾರ ಎಂಬ ಲೆಕ್ಕ ಅವನದು. ಮೊದಲು ಸೂಪು ಬಂತು. ಅದು ಯಾತರದು ಎಂದು ಗೆಳೆಯನನ್ನು ಕೇಳುವ ಧೈರ್ಯ ಬರದೆ ಮೋಹನದಾಸ ಮಾಣಿಯನ್ನು ಸನ್ನೆ ಮಾಡಿ ಕರೆದ. ಗೆಳೆಯ ಮೇಜಿನಾಚೆಯಿಂದ ಬಾಗಿ ಸಿಟ್ಟಿನಿಂದ ವಿಚಾರಿಸಿದ. ಸೂಪು ತರಕಾರಿಯದೇ ಎಂದು ತಿಳಿಯಬೇಕು ಎಂದಾಗ, ಸಭ್ಯರ ನಡುವೆ ಕೂರಲು ಯೋಗ್ಯನಲ್ಲದ ನೀನು ಬೇರೆಲ್ಲಾದರೂ ಉಂಡು ಹೊರಗೆ ಕಾಯಿ ಎಂದ. ಇವನು ಎದ್ದು ಹೋದ. ಹತ್ತಿರದ ಸಸ್ಯಾಹಾರಿ ಹೋಟೆಲು ಮುಚ್ಚಿತ್ತು. ಆ ರಾತ್ರಿ ಉಪವಾಸ.

ಇದರ ಮುಂದಿನ ವಾಕ್ಯಕ್ಕಾಗಿಯೇ ನಾನು ಈ ಕತೆ ಹೇಳುತ್ತಿರುವುದು. ಉಪವಾಸದ ಹೊಟ್ಟೆಯಲ್ಲೇ ಅವನು ಗೆಳೆಯನ ಜೊತೆ ನಾಟಕಕ್ಕೆ ಹೋದ. ಊಟದ ವಿಷಯ ಇಬ್ಬರೂ ಎತ್ತಲಿಲ್ಲ. ಸ್ನೇಹ ಮುರಿಯಲಿಲ್ಲ. ಗೆಳೆಯನ ಸಿಟ್ಟಿನ ಒಳಗಿದ್ದ ಅಕ್ಕರೆ ಅವನಿಗೆ ಕಾಣಿಸುತ್ತಿತ್ತು. ಆ ಅಕ್ಕರೆಗೆ ಏನಾದರೂ ಕೊಡಬೇಕೆಂದು ಸಭ್ಯನಾಗಲು ಹೊರಟ. 19 ಷಿಲಿಂಗಿನ ಎತ್ತರದ ಟೋಪಿ, ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡಿನ ಸಂಜೆಯ ಸೂಟು, ಅಣ್ಣ ಕಳಿಸಿದ ಚಿನ್ನದ ಗಡಿಯಾರದ ಸರಪಳಿ, ನೃತ್ಯದ ತರಗತಿ, 3 ಪೌಂಡಿನ ಪಿಟೀಲು. ಸುಮಾರು ಮೂರು ತಿಂಗಳು ಈ ಹುಚ್ಚಿತ್ತು, ಆಮೇಲೆ ಅದನ್ನೂ ಬಿಟ್ಟ. ಟೋಪಿಯಲ್ಲಿ, ಸೂಟಿನಲ್ಲಿ, ಕುಣಿತದಲ್ಲಿ ಅವನು ಗೆಳೆಯರಿಗೆ ಮಣಿದ. ಮಾತಿನಲ್ಲಿ ಮಣಿಯಲಿಲ್ಲ. ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕ ನೋಡಿ ಮತ್ತೆ ಮತ್ತೆ ಕಣ್ಣೀರಿಟ್ಟ ಹುಡುಗ ಅವನು. ನಮ್ಮ ರಾಘವಾಂಕನ ಕಾವ್ಯವನ್ನು ಬಲ್ಲವರಿಗೆ ಇದು ಹೊಸದೇನಲ್ಲ. ರಾಜ್ಯ, ಹೆಂಡತಿ, ಮಗ ಎಲ್ಲವೂ ಹರಿಶ್ಚಂದ್ರನ ಕೈಬಿಟ್ಟು ಹೋಗುತ್ತವೆ, ಮಾತೊಂದು ಉಳಿಯುತ್ತದೆ.

ಮೊಟ್ಟೆಯ ಪ್ರಶ್ನೆಯೂ ಬಂತು. ಮೊಟ್ಟೆ ಮಾಂಸವಲ್ಲ ಎನ್ನುವವರು ಅಲ್ಲಿನ ಸಸ್ಯಾಹಾರಿಗಳಲ್ಲೇ ಇದ್ದರು. ಕೆಲ ದಿನ ಅವನೂ ತಿಂದ. ಆಮೇಲೆ ಯೋಚಿಸಿದ. ಪ್ರತಿಜ್ಞೆ ಮಾಡಿಸಿದ್ದು ಅಮ್ಮ. ಅಮ್ಮನ ಲೆಕ್ಕದಲ್ಲಿ ಮೊಟ್ಟೆಯೂ ಮಾಂಸವೇ. ಹಾಗಾಗಿ ಅಮ್ಮನ ಅರ್ಥವೇ ತನ್ನ ಮಾತಿನ ಅರ್ಥ. ತನಗೆ ಅನುಕೂಲವಾದ ಅರ್ಥವನ್ನು ಹಚ್ಚಿಕೊಳ್ಳಲಿಲ್ಲ. ಕೇಕು, ಪುಡ್ಡಿಂಗು ಕೂಡ ಬಿಡಬೇಕಾಯಿತು.

ಹಾಗೆಂದು ಗೆಳೆಯರೆಲ್ಲ ಎಳೆದು ಬೀಳಿಸಿದವರೇ ಅಲ್ಲ. ಲಂಡನ್ನಿನ ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಇಬ್ಬರು ಥಿಯಾಸಫಿಸ್ಟ್ ಸೋದರರು ಭಗವದ್ಗೀತೆಯನ್ನು ಜೊತೆಯಲ್ಲಿ ಓದಲು ಕರೆದರು. ಅವರು ಎಡ್ವಿನ್ ಆರ್ನಾಲ್ಡನ ಇಂಗ್ಲಿಷ್ ಅನುವಾದ ಓದುತ್ತಿದ್ದರು. ತಾನು ಸಂಸ್ಕೃತದಲ್ಲಾಗಲಿ ಗುಜರಾತಿಯಲ್ಲಾಗಲಿ ಅದನ್ನು ಓದಿಯೇ ಇಲ್ಲ ಎಂದು ಹೇಳಲು ಮೋಹನದಾಸನಿಗೆ ನಾಚಿಕೆಯಾಯಿತು. ಆ ನಾಚಿಕೆ ಅವನನ್ನು ತನ್ನ ಮೂಲದ ಕಡೆಗೆ ನಡೆಸಿತು. ಬೇರೆ ನಂಬಿಕೆಯ ಗೆಳೆಯರು ನಮ್ಮ ನಂಬಿಕೆಯನ್ನು ನಮಗೇ ಕೊಡಬಲ್ಲರು.

1891ರ ಜೂನ್‌ನಲ್ಲಿ ಬ್ಯಾರಿಸ್ಟರ್ ಆಗಿ ಊರಿಗೆ ಹೊರಟ. ಮುಂಬಯಿಗೆ ಇಳಿದಾಗ ಅಣ್ಣ ಸುದ್ದಿ ಹೇಳಿದ. ಅಮ್ಮ ತೀರಿಕೊಂಡಿದ್ದಳು, ಅವನು ಪರದೇಶದಲ್ಲಿದ್ದಾಗಲೇ. ರಾಜಕೋಟೆಯ ಆ ಹಳೆಯ ತೀರ್ಮಾನವನ್ನು ಈಗ ನೆನೆಯಿರಿ. ಅಪ್ಪ ಅಮ್ಮ ಇಲ್ಲದ ಮೇಲೆ ಎಲ್ಲರೆದುರು ತಿನ್ನುತ್ತೇನೆ ಎಂದಿದ್ದ. ಈಗ ಇಬ್ಬರೂ ಇಲ್ಲ. ಇಂಗ್ಲೆಂಡಿನ ವಾಸಕ್ಕೆಂದು ಮಾಡಿದ ಪ್ರತಿಜ್ಞೆಯ ಅವಧಿಯೂ ಮುಗಿದಿದೆ. ಕಾಯುವವರು ಯಾರೂ ಇಲ್ಲ, ಕೇಳುವವರೂ ಇಲ್ಲ. ಅವನು ತಿನ್ನಲಿಲ್ಲ. ಅಮ್ಮನಿಂದ ಎರವಲು ಪಡೆದ ನಂಬಿಕೆ ಗೆಳೆಯರ ಒತ್ತಡದ ಮೂರು ವರ್ಷಗಳಲ್ಲಿ ಅವನದೇ ಆಗಿಬಿಟ್ಟಿತ್ತು.

ತುಳಸಿಮಣಿ ಮತ್ತು ಜನಿವಾರ

1893ರಲ್ಲಿ ಗಾಂಧಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿದ್ದರು. ಅಲ್ಲಿನ ಕ್ರೈಸ್ತ ಗೆಳೆಯರು ಅವರನ್ನು ಪ್ರಾರ್ಥನೆಗೆ ಕರೆದರು, ಪುಸ್ತಕ ಕೊಟ್ಟರು, ಮನೆಗೆ ಕರೆದು ಉಣಿಸಿದರು. ಅವರಲ್ಲಿ ಕೋಟ್ಸ್ ಎಂಬ ಕ್ವೇಕರ್ ಪಂಥದ ಗೆಳೆಯ ಒಂದು ದಿನ ಗಾಂಧಿಯ ಕೊರಳ ತುಳಸಿಮಣಿ ಸರವನ್ನು ಕಂಡು, ಇದು ಮೂಢನಂಬಿಕೆ, ತಾ ಹರಿದುಹಾಕುತ್ತೇನೆ ಎಂದರು. ಗಾಂಧಿ ಬಿಡಲಿಲ್ಲ. ಇದು ಅಮ್ಮ ಅಕ್ಕರೆಯಿಂದ ಹಾಕಿದ್ದು. ಇದರ ಗೂಢಾರ್ಥ ತನಗೆ ಗೊತ್ತಿಲ್ಲ, ಇಲ್ಲದಿದ್ದರೆ ಕೇಡಾಗುತ್ತದೆಂದೂ ಅನಿಸುವುದಿಲ್ಲ. ಆದರೆ ಸಕಾರಣವಿಲ್ಲದೆ ತೆಗೆಯಲಾರೆ. ಸವೆದು ತಾನಾಗಿ ಹರಿದರೆ ಹೊಸದು ಹಾಕಿಕೊಳ್ಳುವುದೂ ಇಲ್ಲ ಎಂದರು. ಗೆಳೆತನ ಮುಂದುವರಿಯಿತು, ಪುಸ್ತಕಗಳ ಓದೂ ಮುಂದುವರಿಯಿತು.

ಈಗ ಜುಟ್ಟಿನ ಕತೆಯ ಕೊನೆಗೆ ಬರೋಣ. ದಕ್ಷಿಣ ಆಫ್ರಿಕದಲ್ಲಿ ಸಂಬಂಧಿ ಛಗನ್‌ಲಾಲ್ ಗಾಂಧಿ ಶ್ರದ್ಧೆಯಿಂದ ಜುಟ್ಟು ಬಿಟ್ಟಿದ್ದರು. ಸಾರ್ವಜನಿಕ ಕೆಲಸಕ್ಕೆ ಅಡ್ಡಿಯಾದೀತೆಂದು ಗಾಂಧಿಯೇ ಅವರ ಮನಸ್ಸು ನೋಯಿಸಿಯೂ ಅದನ್ನು ತೆಗೆಸಿದರು. ಒಮ್ಮೆ ನಗೆಗೆ ಅಂಜಿದವನು ಆ ಅಂಜಿಕೆಯನ್ನು ಮತ್ತೊಬ್ಬನ ತಲೆಗೂ ದಾಟಿಸಿದ. ಒತ್ತಡ ಹೀಗೇ ಕೈಯಿಂದ ಕೈಗೆ ಸಾಗುತ್ತದೆ.

1915ರಲ್ಲಿ, ಹರಿದ್ವಾರದ ಕುಂಭಮೇಳದ ಹೊತ್ತಿನಲ್ಲಿ, ಹೃಷೀಕೇಶದಲ್ಲಿ ಸನ್ಯಾಸಿಯೊಬ್ಬರು ಗಾಂಧಿಯ ಮೈಮೇಲೆ ಜನಿವಾರವಿಲ್ಲ, ತಲೆಯಲ್ಲಿ ಶಿಖೆಯಿಲ್ಲ ಎಂದು ನೊಂದು ಕೇಳಿದರು. ಎರಡೂ ಹಿಂದೂಧರ್ಮದ ಹೊರಗುರುತು, ಇರಬೇಕು ಎಂದರು. ಗಾಂಧಿ ಎರಡಕ್ಕೂ ಒಂದೇ ಉತ್ತರ ಕೊಡಲಿಲ್ಲ. ಜನಿವಾರ ಹಾಕುವುದಿಲ್ಲ ಎಂದರು. ಅಸಂಖ್ಯ ಹಿಂದೂಗಳು ಅದಿಲ್ಲದೆ ಹಿಂದೂಗಳಾಗಿಯೇ ಇದ್ದಾರೆ. ಶೂದ್ರರಿಗೆ ಇಲ್ಲದ ಹಕ್ಕು ಉಳಿದವರಿಗೇಕೆ ಎಂದು ಅವರು ಮೊದಲೇ ಯೋಚಿಸಿ ಕೈಬಿಟ್ಟಿದ್ದರು. ಶಿಖೆಯ ವಿಷಯದಲ್ಲಿ ಮಾತ್ರ ತಪ್ಪೊಪ್ಪಿಕೊಂಡರು. ಅದನ್ನು ತೆಗೆದದ್ದು ನಾಚಿಕೆಯಿಂದ, ಆದ್ದರಿಂದ ಮತ್ತೆ ಬಿಡಬೇಕೆಂದು ತೋರುತ್ತದೆ ಎಂದರು.

ಇಂದಿನ ನನ್ನ ಉಪನ್ಯಾಸವೆಲ್ಲ ಈ ಒಂದು ಉತ್ತರದಲ್ಲಿದೆ. ನಾಚಿಕೆಯಿಂದ ಬಿಟ್ಟದ್ದನ್ನು ಮರಳಿ ಪಡೆಯಬೇಕು. ಅರಿವಿನಿಂದ ಬಿಟ್ಟದ್ದನ್ನು ಯಾವ ಸ್ವಾಮಿ ಬಂದು ಕೇಳಿದರೂ ಮರಳಿ ಹೊರಬೇಕಾಗಿಲ್ಲ. ನಂಬಿಕೆಗೆ ನಿಷ್ಠನಾಗಿರುವುದೆಂದರೆ ಹುಟ್ಟಿದಾಗ ಕೊಟ್ಟದ್ದನ್ನೆಲ್ಲ ಸಾಯುವ ತನಕ ಹಿಡಿದಿರುವುದಲ್ಲ. ಹಿಡಿದರೂ ಬಿಟ್ಟರೂ ಆ ಕೈ ನಮ್ಮದಾಗಿರಬೇಕು. ಪೇಟೆಯ ಗೆಳೆಯರ ನಗೆಯೂ ಒತ್ತಡ, ಮಠ, ಮಂದಿರ, ಮಸೀದಿ, ಚರ್ಚುಗಳ ಅಂಗಳದಲ್ಲಿ ‘ನಮ್ಮವನಾಗಿ ಹೀಗೆ ಕೂಗು’ ಎನ್ನುವ ಗುಂಪಿನ ಗದ್ದಲವೂ ಒತ್ತಡ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಿರಿ.

ನಮ್ಮ ನಡುವೆ

ಒಂದು ತಪ್ಪು ತಿಳಿವಳಿಕೆಗೆ ಎಡೆ ಬೇಡ. ಸಸ್ಯಾಹಾರವೇ ಮೇಲು ಎಂದು ನಾನು ಹೇಳುತ್ತಿಲ್ಲ. ನಮ್ಮ ರಾಜ್ಯದ ಶಾಲೆಗಳ ಬಿಸಿಯೂಟದಲ್ಲಿ ಕೆಲವು ಮಕ್ಕಳು ಮೊಟ್ಟೆ ತೆಗೆದುಕೊಳ್ಳುತ್ತಾರೆ, ಕೆಲವರು ಬಾಳೆಹಣ್ಣು. ಬಾಳೆಹಣ್ಣಿಗೆ ಕೈಯೊಡ್ಡಿದ ಮಗುವನ್ನು ನೋಡಿ ನಕ್ಕರೂ ತಪ್ಪೇ, ಮೊಟ್ಟೆ ತಿಂದ ಮಗುವಿನಿಂದ ದೂರ ಸರಿದು ಕೂತರೂ ತಪ್ಪೇ. ಮನೆಯಿಂದ ತಂದ ಮೀನಿನ ಸಾರಿನ ಡಬ್ಬಿಯನ್ನು ಮುಚ್ಚಳ ಅರ್ಧ ತೆರೆದು ಬೇಗಬೇಗ ಉಣ್ಣುವ ಹುಡುಗಿಯರನ್ನು ನನ್ನ ಅಧ್ಯಾಪಕ ಜೀವನದಲ್ಲಿ ಕಂಡಿದ್ದೇನೆ. ಅವರ ಮುಖದಲ್ಲಿದ್ದದ್ದು ನನ್ನ ಹಾಸ್ಟೆಲಿನ ಗೆಳೆಯನ ಮುಖದಲ್ಲಿದ್ದ ನಾಚಿಕೆಯೇ. ರೋಜಾ ಹಿಡಿದ ಹುಡುಗ, ಶಿಲುಬೆ ಧರಿಸಿದ ಹುಡುಗಿ, ದೇವರನ್ನು ನಂಬದೆ ಆರತಿಯ ಹೊತ್ತಿಗೆ ಸುಮ್ಮನೆ ಕೈಕಟ್ಟಿ ನಿಲ್ಲುವವನು, ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ.

ಬೇಡ ಅನಿಸಿದ್ದಕ್ಕೆ ಬೇಡ ಎನ್ನಿ. ಮೆತ್ತಗೆ ಎನ್ನಿ, ಕ್ಷಮಿಸಿ ಎಂದು ಸೇರಿಸಿ, ಆದರೆ ಎನ್ನಿ. ಆಮೇಲೆ ಗೆಳೆಯನ ಜೊತೆ ನಾಟಕಕ್ಕೂ ಹೋಗಿ. ನಿಮ್ಮ ನಂಬಿಕೆಯ ಬಗ್ಗೆ ಗೆಳೆಯ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಒಂದು ಷಿಲಿಂಗಿನ ಪುಸ್ತಕ ಹುಡುಕಿಕೊಂಡು ಹತ್ತು ಮೈಲಿ ನಡೆಯಿರಿ.

ಇನ್ನೊಂದು ಮಾತನ್ನು, ಇದು ನನ್ನ ಸಾಲ, ತೀರಿಸಿ ಮುಗಿಸುತ್ತೇನೆ. ನೀವೆಲ್ಲ ಇವತ್ತು ನಿಮ್ಮನ್ನು ಮೋಹನದಾಸನ ಜಾಗದಲ್ಲಿಟ್ಟು ಕೇಳಿರಬಹುದು. ಆದರೆ ಜೀವನದಲ್ಲಿ ನಾವು ಆ ಒಬ್ಬರಾಗಿರುವುದು ಅಪರೂಪ, ನಾಲ್ವರಲ್ಲಿ ಒಬ್ಬರಾಗಿರುವುದೇ ಹೆಚ್ಚು. ಅಂದು ನಮ್ಮ ಕೋಣೆಯಲ್ಲಿ ಮೊದಲು ನಕ್ಕವನನ್ನು ತಡೆಯುವ ಧೈರ್ಯ ನನಗೆ ಇಲ್ಲದೆ ಹೋಗಿದ್ದರೂ ಚಿಂತೆಯಿರಲಿಲ್ಲ. ನಾನೊಬ್ಬ ನಗದೆ ಇದ್ದಿದ್ದರೆ ಸಾಕಿತ್ತು. ನಾಲ್ವರಲ್ಲಿ ಒಬ್ಬ ನಗುತ್ತಿಲ್ಲ ಎಂದು ಅವನು ಕಂಡಿದ್ದರೆ ಆ ಕರಡಿಗೆ ಅಂಗಿಗಳ ಅಡಿಗೆ ಹೋಗುತ್ತಿರಲಿಲ್ಲವೇನೋ.

ಇಂದು ಸಂಜೆ ನೀವು ನಿಮ್ಮ ಹಾಸ್ಟೆಲಿಗೆ ಹೋಗುತ್ತೀರಿ. ನಿಮ್ಮ ಕೋಣೆಯಲ್ಲೂ ಒಬ್ಬ ಐದನೆಯವನಿರಬಹುದು. ನಾಳೆ ಬೆಳಗ್ಗೆ ಅವನು ಚಾಪೆ ಹಾಸಿದಾಗ, ಅಥವಾ ಹಾಸದೆ ಸುಮ್ಮನೆ ಕೂತಾಗ, ಅವನಿಗೆ ಆ ಹತ್ತು ನಿಮಿಷ ಬಿಟ್ಟುಕೊಡಿ.